ಎಸ್ಟೋನಿಯದ ಸಂಸತ್ತು ನಡೆದುಬಂದ ದಾರಿ

ಬಾಲ್ಟಿಕ್ ಸಮುದ್ರದ ಪೂರ್ವದ ದಂಡೆಯಲ್ಲಿ, ಫಿನ್ಲೆಂಡಿಗೆ ಎದುರಾಗಿ, ಎಸ್ಟೋನಿಯವೆಂಬ ಪುಟ್ಟ ದೇಶವೊಂದಿದೆ. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಕಾಲುಭಾಗಕ್ಕೂ ಅದು ಕಡಿಮೆ. ಜನಸಂಖ್ಯೆ 13 ಲಕ್ಷಕ್ಕಿಂತ ತುಸು ಹೆಚ್ಚು. 1991ರವರೆಗೆ ಅದು ಸೋವಿಯತ್ ಒಕ್ಕೂಟದ 15 ಗಣರಾಜ್ಯಗಳಲ್ಲಿ ಒಂದಾಗಿತ್ತು. ಮರುವರ್ಷ, ಎಂದರೆ 1992ರ ಸೆಪ್ಟೆಂಬರ್ 20ರಂದು, ಆ ದೇಶದ ಜನ ತಮ್ಮ ಸಂಸತ್ತಿಗೆ 101 ಮಂದಿ ಪ್ರತಿನಿಧಿಗಳನ್ನು ಆರಿಸಿದರು. ಸೋವಿಯತ್ ಆಳ್ವಿಕೆಯಿಂದ ಬಿಡುಗಡೆ ಪಡೆದ ಮೇಲೆ ನಡೆದ ಮೊದಲನೆಯ ಚುನಾವಣೆ ಅದು. ಆದರೆ ಅದರಿಂದ ಹುಟ್ಟಿದ ಸಭೆಯನ್ನು ಅವರು ಮೊದಲನೆಯ ಸಂಸತ್ತು ಎನ್ನಲಿಲ್ಲ. ಏಳನೆಯದು ಎಂದು ಕರೆದರು. ಆರನೆಯದು 1940ರಲ್ಲಿ ನಿಂತುಹೋಗಿತ್ತು. ನಡುವಣ 52 ವರ್ಷಗಳಲ್ಲಿ ಅದೇ ಕಟ್ಟಡದಲ್ಲಿ ಸೋವಿಯತ್ ಪದ್ಧತಿಯ ಶಾಸನಸಭೆಯೊಂದು ಕೂಡುತ್ತಲೇ ಇತ್ತು. ಅದಕ್ಕೆ ಎಣಿಕೆಯಲ್ಲಿ ಸ್ಥಾನವೇ ಸಿಗಲಿಲ್ಲ.

ಈ ಎಣಿಕೆ ಲೆಕ್ಕದ ಪುಸ್ತಕದ ಮಾತು ಮಾತ್ರವಲ್ಲ. ಎಸ್ಟೋನಿಯದ ರಾಜಕೀಯ ಚರಿತ್ರೆಯ ಗಟ್ಟಿತನವೂ ಅದರ ಒಳನೋವೂ ಈ ಒಂದು ಅಂಕಿಯಲ್ಲಿಯೇ ಅಡಗಿವೆ ಎಂದು ನನಗೆ ತೋರುತ್ತದೆ.

ಸಂಸತ್ತಿಗೆ ಆ ಜನ ಇಟ್ಟ ಹೆಸರು ರೀಗಿಕೊಗು. ಎಸ್ಟೋನಿಯನ್ ಭಾಷೆ ಫಿನ್ನಿಷ್ ಭಾಷೆಯ ಬಳಗಕ್ಕೆ ಸೇರಿದ್ದು. ಇಂಡೋ-ಯೂರೋಪಿಯನ್ ಭಾಷೆಗಳಿಗೂ ಅದಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಈ ಒಂದು ಮಟ್ಟಿಗೆ ಅದು ಕನ್ನಡದ ಹಾಗೆಯೇ. ರೀಕ್ ಎಂದರೆ ರಾಜ್ಯ. ಇದು ಜರ್ಮನ್ ಕಡೆಯಿಂದ ಬಂದ ಎರವಲು, ಬಲು ದೂರದ ಬೇರಿನಲ್ಲಿ ಸಂಸ್ಕೃತದ ರಾಜ್ಯ ಶಬ್ದಕ್ಕೆ ನಂಟಿರುವಂಥದು. ಕೊಗು ಎಂಬುದು ಅಚ್ಚ ದೇಶ್ಯ. ಕೂಡುವುದು, ಕಲೆಹಾಕುವುದು ಎಂಬ ಅರ್ಥದ ಕ್ರಿಯಾಪದಕ್ಕೆ ಸೇರಿದ್ದು. ನಾವಾದರೆ 'ರಾಜ್ಯಕೂಟ' ಎನ್ನಬಹುದು. ತಲೆ ಎರವಲು, ಬಾಲ ದೇಶ್ಯ. ಭಾಷೆಯ ವಿದ್ಯಾರ್ಥಿಯಾದವನಿಗೆ ಇಂಥಲ್ಲಿ ನಿಲ್ಲದೆ ಮುಂದೆ ಹೋಗಲು ಮನಸ್ಸು ಬಾರದು. ಶ್ರೋತೃಗಳು ಕ್ಷಮಿಸಬೇಕು.

ಇದಕ್ಕಿಂತ ಹಳೆಯ ಇನ್ನೊಂದು ಮಾತಿದೆ: ಮಾಪ್ಯಾವ್. ಅಕ್ಷರಶಃ 'ನೆಲದ ದಿನ' ಎಂದರ್ಥ. ಜರ್ಮನ್ ಭಾಷೆಯ ಲಾಂಟ್‌ಟಾಗ್ ಎಂಬುದರ ನೇರ ಅನುವಾದ ಇದು. ಶತಮಾನಗಳ ಕಾಲ ಆ ನಾಡಿನ ಜಮೀನುಗಳೆಲ್ಲ ಬಾಲ್ಟಿಕ್ ಜರ್ಮನ್ ಕುಲೀನರ ಕೈಯಲ್ಲಿದ್ದವು. ಅರಸೊತ್ತಿಗೆ ಸ್ವೀಡನ್ನಿನದಾದರೂ, 1710ರಿಂದ ರಷ್ಯದ ಚಕ್ರವರ್ತಿಯದಾದರೂ, ಊರಿನ ಒಡೆತನ ಆ ಕುಲೀನರದೇ. ಲಾಂಟ್‌ಟಾಗ್ ಅವರ ಸಭೆ. ಎಸ್ಟೋನಿಯನ್ ರೈತನಿಗೆ ಅಲ್ಲಿ ಸ್ಥಳವಿರಲಿಲ್ಲ. 1816ರವರೆಗೆ ಉತ್ತರ ಭಾಗದಲ್ಲಿಯೂ, 1819ರವರೆಗೆ ದಕ್ಷಿಣದಲ್ಲಿಯೂ ಆತ ಜೀತದಾಳಾಗಿದ್ದವನು. ಒಡೆಯರ ಸಭೆಯ ಹೆಸರನ್ನೇ ತನ್ನ ನುಡಿಗೆ ತಿರುಗಿಸಿಕೊಂಡು, ಅದರೊಳಗೆ ತಾನೇ ಹೋಗಿ ಕುಳಿತನೆಂಬುದು 20ನೆಯ ಶತಮಾನದ ಕತೆ.

ಆ ಕತೆ ಪ್ರಾರಂಭವಾಗುವುದು 1917ರಲ್ಲಿ. ಮಾರ್ಚಿಯಲ್ಲಿ ಚಕ್ರವರ್ತಿ ಪದತ್ಯಾಗ ಮಾಡಿದ ಕೆಲವೇ ವಾರಗಳಲ್ಲಿ ಪೆಟ್ರೋಗ್ರಾಡಿನ ಬೀದಿಗಳಲ್ಲಿ ಸುಮಾರು 40,000 ಎಸ್ಟೋನಿಯನ್ನರು ಮೆರವಣಿಗೆ ಹೊರಟು ಸ್ವಾಯತ್ತತೆಯನ್ನು ಕೇಳಿದರು. ತಾತ್ಕಾಲಿಕ ಸರ್ಕಾರ ಒಪ್ಪಿತು. ಎರಡು ಪ್ರಾಂತಗಳಲ್ಲಿ ಹಂಚಿಹೋಗಿದ್ದ ನಾಡು ಒಂದಾಯಿತು. ಪರೋಕ್ಷ ಚುನಾವಣೆಯಿಂದ ಮಾಪ್ಯಾವ್ ಏರ್ಪಟ್ಟು ಜುಲೈಯಲ್ಲಿ ಸೇರಿತು. ನವೆಂಬರಿನಲ್ಲಿ ಬೊಲ್ಷೆವಿಕರು ಅಧಿಕಾರಕ್ಕೆ ಬಂದು ಸಭೆಯನ್ನು ಚದುರಿಸಿದರು. ಚದುರುವ ಮುನ್ನ, ನವೆಂಬರ್ 28ರಂದು, ಸಭೆ ಒಂದು ನಿರ್ಣಯವನ್ನು ಅಂಗೀಕರಿಸಿತು: ಎಸ್ಟೋನಿಯದಲ್ಲಿ ಪರಮಾಧಿಕಾರ ಇನ್ನು ಈ ಸಭೆಯದೇ. ಸೈನ್ಯವಿಲ್ಲ, ಬೊಕ್ಕಸವಿಲ್ಲ, ಕೂಡಲು ನೆಲೆಯೂ ಇಲ್ಲ, ಆದರೂ ಪರಮಾಧಿಕಾರ! ಅಂದು ಅದು ನಗೆಗೀಡಾಗುವ ಮಾತಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆಮೇಲಿನದೆಲ್ಲ ಆ ಕಾಗದದ ಮೇಲೆಯೇ ನಿಂತಿತು.

1918ರ ಫೆಬ್ರವರಿಯಲ್ಲಿ ಬೊಲ್ಷೆವಿಕರು ಹಿಮ್ಮೆಟ್ಟುತ್ತಿದ್ದರು, ಜರ್ಮನ್ ಪಡೆಗಳು ಮುನ್ನುಗ್ಗುತ್ತಿದ್ದವು. ನಡುವೆ ಸಿಕ್ಕ ಬಿಡುವು ಒಂದೆರಡು ದಿನದ್ದು. ಮಾಪ್ಯಾವ್‌ನ ಹಿರಿಯರು ನೇಮಿಸಿದ ಮೂವರ ಸಮಿತಿ, ಎಂದರೆ ಕೊನ್‌ಸ್ಟಾಂಟಿನ್ ಪ್ಯಾಟ್ಸ್, ಯೂರಿ ವಿಲ್ಮ್ಸ್, ಕೊನ್‌ಸ್ಟಾಂಟಿನ್ ಕೊನಿಕ್ ಇವರು, ಸ್ವಾತಂತ್ರ್ಯ ಘೋಷಣೆಯನ್ನು ಸಿದ್ಧಪಡಿಸಿದರು. 23ರ ಸಂಜೆ ಪ್ಯಾರ್ನು ಎಂಬ ಊರಿನ ನಾಟಕಶಾಲೆಯ ಮೊಗಸಾಲೆಯಿಂದ ಅದನ್ನು ಓದಲಾಯಿತು. 24ರಂದು ರಾಜಧಾನಿ ಟಾಲಿನ್ನಿನಲ್ಲಿ ಅದು ಪ್ರಕಟವಾಯಿತು. 25ರಂದು ಜರ್ಮನರು ಊರನ್ನು ಹೊಕ್ಕರು. ಒಂದೇ ದಿನದ ಸ್ವಾತಂತ್ರ್ಯ. ಆ ಘೋಷಣೆಯ ತಲೆಬರಹದಲ್ಲಿ ಗಮನಿಸಬೇಕಾದ ಒಂದು ವಿಷಯವುಂಟು. ಅದು 'ಎಸ್ಟೋನಿಯದ ಜನತೆಗೆ' ಎಂದು ಹೇಳುವುದಿಲ್ಲ; 'ಎಸ್ಟೋನಿಯದ ಎಲ್ಲ ಜನಾಂಗಗಳಿಗೆ' ಎಂದು ಬಹುವಚನದಲ್ಲಿ ಹೇಳುತ್ತದೆ. ರಷ್ಯನ್ನರು, ಜರ್ಮನ್ನರು, ಸ್ವೀಡಿಷರು, ಯೆಹೂದ್ಯರು ಮೊದಲಾದ ಅಲ್ಪಸಂಖ್ಯಾತರಿಗೆ ಸಾಂಸ್ಕೃತಿಕ ಸ್ವಾಯತ್ತತೆಯ ವಚನವನ್ನು ಕೊಡುತ್ತದೆ. ಈ ಬಹುವಚನವನ್ನು ನಾವು ನೆನಪಿನಲ್ಲಿಟ್ಟುಕೊಂಡಿರೋಣ.

ಜರ್ಮನಿ ಯುದ್ಧದಲ್ಲಿ ಸೋತಿತು. ಕೆಂಪುಸೇನೆ ಮತ್ತೆ ಬಂದಿತು. 1918ರ ನವೆಂಬರಿನಿಂದ 1920ರ ಜನವರಿಯವರೆಗೆ ಸ್ವಾತಂತ್ರ್ಯ ಸಮರ ನಡೆಯಿತು. ಆ ಯುದ್ಧದ ನಟ್ಟನಡುವೆ, 1919ರ ಏಪ್ರಿಲಿನಲ್ಲಿ, ಸಂವಿಧಾನ ಸಭೆಗೆ ಚುನಾವಣೆ ಮಾಡಿದರು! ಹೆಂಗಸರಿಗೂ ಮತವಿತ್ತು, ರಣರಂಗದಲ್ಲಿದ್ದ ಸಿಪಾಯಿಗಳೂ ಮತ ಹಾಕಿದರು. ಆಯ್ಕೆಯಾದವರು 120 ಮಂದಿ. ಏಪ್ರಿಲ್ 23ರಂದು ಅವರು ಸಭೆ ಸೇರಿ ಆಗಸ್ಟ್ ರೇಯಿ ಎಂಬ ಸಮಾಜವಾದಿಯನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಭೂಸುಧಾರಣೆಯ ಶಾಸನ ಬಂದಿತು. ನಾಡಿನ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ದೊಡ್ಡ ಜಹಗೀರುಗಳಿಗೆ ಸೇರಿತ್ತು. ಅದು ಸರ್ಕಾರದ ವಶವಾಗಿ ಉಳುವವರಿಗೆ, ಯುದ್ಧದಲ್ಲಿ ಕಾದಿದವರಿಗೆ ಹಂಚಿಕೆಯಾಯಿತು. ಲಾಂಟ್‌ಟಾಗಿನ ಶತಮಾನಗಳಿಗೆ ಅಲ್ಲಿಗೆ ಮುಕ್ತಾಯ. ನಾವು ಸಂಸತ್ತುಗಳ ಚರಿತ್ರೆಯನ್ನು ಭಾಷಣಗಳ ಚರಿತ್ರೆಯೆಂದು ತಿಳಿಯುವುದುಂಟು. ಇಲ್ಲಿ ಅದು ಹೊಲದ ಎಲ್ಲೆಕಲ್ಲುಗಳ ಚರಿತ್ರೆ.

1920ರ ಸಂವಿಧಾನ ರೀಗಿಕೊಗುವಿಗೆ ಕೊಟ್ಟ ಅಧಿಕಾರ ಅತಿಯೆನ್ನುವಷ್ಟು. 100 ಮಂದಿ ಸದಸ್ಯರು, ಮೂರು ವರ್ಷದ ಅವಧಿ. ರಾಷ್ಟ್ರಾಧ್ಯಕ್ಷನೆಂಬವನೇ ಇಲ್ಲ. ಸರ್ಕಾರದ ಮುಖ್ಯಸ್ಥನಿಗೆ ರೀಗಿವಾನೆಂ, ಎಂದರೆ 'ರಾಜ್ಯದ ಹಿರಿಯ', ಎಂಬ ಹಳ್ಳಿಯ ಕಂಪಿನ ಬಿರುದು. ಅವನನ್ನು ಸಭೆ ಬೇಕಾದಾಗ ಕೂರಿಸಬಹುದು, ಬೇಡವಾದಾಗ ಇಳಿಸಬಹುದು. ಇಳಿಸಿಯೂ ಇಳಿಸಿತು. ಸರ್ಕಾರಗಳು ಸರಾಸರಿ ಒಂದು ವರ್ಷವೂ ಬಾಳಲಿಲ್ಲ. ಜನರಿಗೂ ಒಂದು ಅಂಕುಶವನ್ನು ಕೊಟ್ಟಿದ್ದರು. 1923ರಲ್ಲಿ ಶಾಲೆಗಳಲ್ಲಿ ಧರ್ಮಬೋಧೆ ಇರಬೇಕೆಂಬ ಸೂಚನೆಯನ್ನು ಸಭೆ ತಳ್ಳಿಹಾಕಿತು. ಜನಮತಗಣನೆಯಲ್ಲಿ ಜನ ಅದೇ ಸೂಚನೆಯನ್ನು ಎತ್ತಿಹಿಡಿದರು. ನಿಯಮದಂತೆ ರೀಗಿಕೊಗು ವಿಸರ್ಜನೆಯಾಗಿ ಮತ್ತೆ ಚುನಾವಣೆ ನಡೆಯಿತು. 1925ರಲ್ಲಿ ಸಭೆ ಅಲ್ಪಸಂಖ್ಯಾತರ ಸಾಂಸ್ಕೃತಿಕ ಸ್ವಾಯತ್ತತೆಯ ಶಾಸನವನ್ನು ಮಾಡಿತು. ಜರ್ಮನ್ನರೂ ಯೆಹೂದ್ಯರೂ ತಮ್ಮ ತಮ್ಮ ಸಾಂಸ್ಕೃತಿಕ ಮಂಡಳಿಗಳನ್ನು ರಚಿಸಿಕೊಂಡು ತಮ್ಮ ನುಡಿಯ ಶಾಲೆಗಳನ್ನು ತಾವೇ ನಡೆಸಿದರು. ನೆಲ ಕಳೆದುಕೊಂಡ ಜರ್ಮನನಿಗೂ ಶಾಲೆ ಉಳಿಯಿತು. ಅಂದಿನ ಯೂರೋಪಿನಲ್ಲಿ ಇಂಥ ಶಾಸನ ಬಹಳ ಅಪರೂಪ.

ಇದೇ ಕಾಲದಲ್ಲಿ ಕಟ್ಟಡವೂ ಎದ್ದಿತು. ಟಾಲಿನ್ನಿನಲ್ಲಿ ತೋಮ್ಪೆಯ ಎಂಬ ಗುಡ್ಡವಿದೆ. ಅದರ ಮೇಲೆ ಹಳೆಯ ಕೋಟೆ. ನಾಡನ್ನು ಆಳಿದವರೆಲ್ಲ ಆ ಕೋಟೆಯಿಂದಲೇ ಆಳಿದವರು. ಅಲ್ಲಿದ್ದ ಸೆರೆಮನೆ 1917ರ ಕ್ರಾಂತಿಯಲ್ಲಿ ಸುಟ್ಟುಹೋಗಿತ್ತು. ಆ ಜಾಗದಲ್ಲಿಯೇ, 1920ರಿಂದ 1922ರೊಳಗೆ, ಹಾಬರ್ಮನ್ ಮತ್ತು ಯೋಹಾನ್ಸನ್ ಎಂಬ ವಾಸ್ತುಶಿಲ್ಪಿಗಳು ಸಂಸತ್ ಭವನವನ್ನು ಕಟ್ಟಿದರು. ಸೆರೆಮನೆಯ ನೆಲದ ಮೇಲೆ ಜನರ ಸಭೆ! ಕೋಟೆಯ ಮೂಲೆಯಲ್ಲಿ 'ಉದ್ದ ಹರ್ಮನ್' ಎಂಬ ಗೋಪುರವಿದೆ. ಅದರ ತುದಿಯಲ್ಲಿ ಯಾವ ಬಾವುಟ ಹಾರುತ್ತಿದೆಯೋ ಅದರದೇ ಆಳ್ವಿಕೆಯೆಂದು ಅಲ್ಲಿನ ಜನರ ನಂಬಿಕೆ.

ಈ ಸಭೆಯನ್ನು ಮೊದಲು ಮೌನಗೊಳಿಸಿದವರು ಪರದೇಶೀಯರಲ್ಲ. 1930ರ ಬಳಿಕ ಜಗತ್ತನ್ನೆಲ್ಲ ಕಾಡಿದ ಆರ್ಥಿಕ ಮುಗ್ಗಟ್ಟು ಎಸ್ಟೋನಿಯಕ್ಕೂ ತಟ್ಟಿತು. ಜಗಳಾಡುವ ಪಕ್ಷಗಳನ್ನು ಕಂಡು ಜನ ಬೇಸತ್ತಿದ್ದರು. ಮಾಜಿ ಯೋಧರ ಚಳವಳಿಯೊಂದು ಬಲಿಷ್ಠನಾದ ಅಧ್ಯಕ್ಷ ಬೇಕೆಂದು ಸಂವಿಧಾನದ ತಿದ್ದುಪಡಿಯನ್ನು ಸೂಚಿಸಿತು. 1933ರ ಅಕ್ಟೋಬರಿನ ಜನಮತಗಣನೆಯಲ್ಲಿ ಅದಕ್ಕೆ ಭಾರಿ ಬಹುಮತ ದೊರೆಯಿತು. ಮುಂದಿನ ಚುನಾವಣೆಯಲ್ಲಿ ಮಾಜಿ ಯೋಧರೇ ಗೆಲ್ಲುವರೆಂಬ ಸೂಚನೆಗಳಿದ್ದವು. ಆಗ, 1934ರ ಮಾರ್ಚ್ 12ರಂದು, ಸರ್ಕಾರದ ಮುಖ್ಯಸ್ಥರಾಗಿದ್ದ ಪ್ಯಾಟ್ಸ್, ಸ್ವಾತಂತ್ರ್ಯ ಘೋಷಣೆಯ ಮೂವರಲ್ಲಿ ಒಬ್ಬರಾದ ಅದೇ ಪ್ಯಾಟ್ಸ್, ದಂಡನಾಯಕ ಲೈಡೊನರ್ ಅವರೊಡನೆ ಸೇರಿ ತುರ್ತುಪರಿಸ್ಥಿತಿಯನ್ನು ಘೋಷಿಸಿದರು. ಪ್ರಜಾಪ್ರಭುತ್ವವನ್ನು ಉಳಿಸಲು ಅದನ್ನು ಕೆಲಕಾಲ ಬದಿಗಿಡಬೇಕೆಂಬುದು ಅವರ ವಾದ. ರೀಗಿಕೊಗು ಒಪ್ಪಿಗೆ ಕೊಟ್ಟಿತು. ಅಕ್ಟೋಬರಿನಲ್ಲಿ, ಸಭೆ ಬಾಯಿ ತೆರೆಯತೊಡಗಿದಾಗ, ಅಧಿವೇಶನವನ್ನೇ ಮುಗಿಸಿಬಿಟ್ಟರು. ವಿಸರ್ಜನೆಯೂ ಇಲ್ಲ, ಸಮಾವೇಶವೂ ಇಲ್ಲ. ಐದನೆಯ ರೀಗಿಕೊಗು ವರ್ಷಗಟ್ಟಲೆ ಕಾಗದದ ಮೇಲೆ ಮಾತ್ರ ಬದುಕಿತು. ಪಕ್ಷಗಳು ನಿಷೇಧಕ್ಕೊಳಗಾದವು. ಪ್ಯಾಟ್ಸರ ಹಳೆಯ ಎದುರಾಳಿ ಯಾನ್ ತೊನಿಸ್ಸನ್ ಹಿಂದೆ ರಷ್ಯದ ಮೊದಲ ದೂಮಾದಲ್ಲಿ ಕುಳಿತು, ಅದರ ವಿಸರ್ಜನೆಯನ್ನು ಪ್ರತಿಭಟಿಸಿ ಸೆರೆ ಕಂಡವರು. ಈಗ ಸ್ವತಂತ್ರ ಎಸ್ಟೋನಿಯದಲ್ಲಿ ಅವರ ಕೈಯಿಂದ ಅವರ ಪತ್ರಿಕೆಯನ್ನೇ ಕಸಿದುಕೊಂಡರು. ಅಲ್ಲಿನ ಇತಿಹಾಸಕಾರರು ಈ ಅವಧಿಯನ್ನು ಕರೆಯುವುದು 'ಮೌನದ ಯುಗ' ಎಂದು.

1938ರಲ್ಲಿ ಹೊಸ ಸಂವಿಧಾನ ಜಾರಿಗೆ ಬಂದು, 80 ಮಂದಿಯ ಕೆಳಮನೆ, 40 ಮಂದಿಯ ಮೇಲ್ಮನೆಗಳ ಆರನೆಯ ರೀಗಿಕೊಗು ಕೂಡಿತು. ಅಧಿಕಾರದ ಹಿಡಿತ ಅಧ್ಯಕ್ಷ ಪ್ಯಾಟ್ಸರ ಕೈಯಲ್ಲಿಯೇ ಇತ್ತು. 1939ರಲ್ಲಿ ಹಿಟ್ಲರನೂ ಸ್ಟಾಲಿನನೂ ಪೂರ್ವ ಯೂರೋಪನ್ನು ಗುಟ್ಟಾಗಿ ಹಂಚಿಕೊಂಡು, ಸೋವಿಯತ್ ಸೇನಾನೆಲೆಗಳಿಗೆ ಜಾಗ ಕೊಡಬೇಕಾಗಿ ಬಂದಾಗ, ಬೆರಳೆಣಿಕೆಯ ಜನ ಬಾಗಿಲು ಮುಚ್ಚಿಕೊಂಡು ತೀರ್ಮಾನಿಸಿದರು. ವಾದಿಸಿ ರೂಢಿಯಿದ್ದ ಸಭೆಯಿದ್ದರೆ ಏನಾದರೂ ಬೇರೆಯಾಗುತ್ತಿತ್ತೆ? ಅಷ್ಟು ದೊಡ್ಡ ಸೇನೆಯೆದುರು ಬಹುಶಃ ಆಗುತ್ತಿರಲಿಲ್ಲ. ಆದರೆ 'ಇಲ್ಲ' ಎಂಬ ಮಾತೊಂದು ದಾಖಲೆಯಲ್ಲಿ ಉಳಿಯುತ್ತಿತ್ತು.

1940ರ ಜೂನ್ 17ರಂದು ಕೆಂಪುಸೇನೆ ದೇಶವನ್ನು ಆಕ್ರಮಿಸಿತು. ಜುಲೈ 14 ಮತ್ತು 15ರಂದು ಚುನಾವಣೆಯ ನಾಟಕ. ಎದುರು ನಿಲ್ಲಲು ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರ ನಾಮಪತ್ರಗಳನ್ನೂ ತಿರಸ್ಕರಿಸಿದರು. ಉಳಿದದ್ದು ಒಂದೇ ಪಟ್ಟಿ. ಮೇಲ್ಮನೆಯ ಗೊಡವೆಗೇ ಹೋಗಲಿಲ್ಲ. ಸಂವಿಧಾನದ ಪ್ರಕಾರ ಅದಿಲ್ಲದೆ ಚುನಾವಣೆಯ ಶಾಸನವನ್ನು ಬದಲಿಸುವಂತಿರಲಿಲ್ಲ. ಹೀಗೆ ಆಯ್ಕೆಯಾದ ಕೆಳಮನೆ ಜುಲೈ 21ರಂದು ದೇಶವನ್ನು ಸೋವಿಯತ್ ಗಣರಾಜ್ಯವೆಂದು ಸಾರಿತು. ಆಗಸ್ಟ್ 6ರಂದು ಮಾಸ್ಕೋ ಅದನ್ನು ಒಕ್ಕೂಟಕ್ಕೆ ಸೇರಿಸಿಕೊಂಡಿತು. ಪ್ಯಾಟ್ಸರನ್ನು ರಷ್ಯಕ್ಕೆ ಸಾಗಿಸಿದರು. 1956ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು. ಲೈಡೊನರ್ 1953ರಲ್ಲಿ ವ್ಲಾದಿಮಿರ್ ಸೆರೆಮನೆಯಲ್ಲಿ ಸತ್ತರು. ಸೆರೆಹಿಡಿಯಲ್ಪಟ್ಟ ತೊನಿಸ್ಸನ್ನರಿಗೆ ಗೋರಿಯೂ ದೊರೆಯಲಿಲ್ಲ. ಸಭೆಯ ಬಾಯಿ ಕಟ್ಟಿದವರಿಗೂ ಅದಕ್ಕಾಗಿ ಬಾಯಿ ತೆರೆದವರಿಗೂ ಒಂದೇ ಗತಿ.

ಆಮೇಲೆ ಜರ್ಮನ್ ಆಕ್ರಮಣ. 1944ರಲ್ಲಿ ಅವರೂ ಕಾಲ್ತೆಗೆದರು. ಆ ಸೆಪ್ಟೆಂಬರಿನಲ್ಲಿ, ಸಂವಿಧಾನಬದ್ಧವಾಗಿ ಅಧ್ಯಕ್ಷನ ಕರ್ತವ್ಯಗಳನ್ನು ವಹಿಸಿಕೊಂಡಿದ್ದ ಯೂರಿ ಉಲುಓಟ್ಸ್ ಎಂಬ ಕಾನೂನಿನ ಪ್ರಾಧ್ಯಾಪಕರು ಒಟ್ಟೊ ಟೀಫರ ಸರ್ಕಾರವನ್ನು ನೇಮಿಸಿದರು. ಉದ್ದ ಹರ್ಮನ್ನಿನ ಮೇಲೆ ನೀಲಿ-ಕಪ್ಪು-ಬಿಳಿಯ ಬಾವುಟ ಕೆಲವೇ ದಿನ ಹಾರಿತು; 22ರಂದು ಕೆಂಪುಸೇನೆ ಟಾಲಿನ್ನನ್ನು ಹಿಡಿಯಿತು. ಈ ನಾಲ್ಕು ದಿನದ ಸರ್ಕಾರ ಸಾಧಿಸಿದ್ದೇನು ಎಂದು ಕೇಳಬಹುದು. ರಾಜ್ಯ ಕಾನೂನಿನ ದೃಷ್ಟಿಯಲ್ಲಿ ಅಳಿದಿಲ್ಲವೆಂಬುದಕ್ಕೆ ಅದೊಂದು ಸಾಕ್ಷಿಯಾಯಿತು.

ಮುಂದಿನ ದಶಕಗಳಲ್ಲಿ ತೋಮ್ಪೆಯದ ಸಭಾಂಗಣದಲ್ಲಿ ಸುಪ್ರೀಂ ಸೋವಿಯತ್ ಕುಳಿತಿತು. ವರ್ಷಕ್ಕೆ ಕೆಲವೇ ದಿನದ ಕಲಾಪ. ಎತ್ತಿದ ಕೈಗಳೆಲ್ಲ ಒಂದೇ ಕಡೆಗೆ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಹೇಳಬೇಕಾದದ್ದು ಹೊರಗೆ ನಡೆದದ್ದನ್ನು. 1941ರ ಜೂನಿನಲ್ಲಿ ಸುಮಾರು 10,000 ಮಂದಿಯನ್ನೂ, 1949ರ ಮಾರ್ಚಿಯಲ್ಲಿ ಸುಮಾರು 20,000 ಮಂದಿಯನ್ನೂ ಸೈಬೀರಿಯದ ಕಡೆಗೆ ಗಡೀಪಾರು ಮಾಡಿದರು. ಇನ್ನೊಂದು ಕಡೆ ಕಾರ್ಖಾನೆಗಳಿಗೆ, ಗಣಿಗಳಿಗೆ, ಸೇನಾನೆಲೆಗಳಿಗೆ ಒಕ್ಕೂಟದ ಇತರ ಭಾಗಗಳಿಂದ ಜನ ಬಂದು ನೆಲಸಿದರು. 1934ರಲ್ಲಿ ಜನಸಂಖ್ಯೆಯಲ್ಲಿ ಎಸ್ಟೋನಿಯನ್ನರು ನೂರಕ್ಕೆ 88, 1989ರಲ್ಲಿ 61.5. ಮುಂದೆ ಸಂಸತ್ತನ್ನು ಬಿಡದೆ ಕಾಡಿದ ಪ್ರಶ್ನೆಯ ಬೀಜ ಇಲ್ಲಿದೆ.

1988ರ 'ಹಾಡಿನ ಕ್ರಾಂತಿ'ಯ ಕತೆಯನ್ನು ಹಲವರು ಕೇಳಿರಬಹುದು. ಅದಕ್ಕಿಂತ ನನಗೆ ಹೆಚ್ಚು ಸೋಜಿಗವೆನಿಸುವುದು ಆ ಹೊತ್ತಿನಲ್ಲಿ ಟೊಳ್ಳು ಸಭೆಯೊಂದು ಮಾತು ಕಲಿತ ಬಗೆ. 1988ರ ನವೆಂಬರ್ 16ರಂದು ಅದೇ ಸುಪ್ರೀಂ ಸೋವಿಯತ್, ತನ್ನ ಶಾಸನಗಳೇ ಒಕ್ಕೂಟದ ಶಾಸನಗಳಿಗಿಂತ ಮೇಲೆಂದು ಸಾರಿತು. 1989ರ ಜನವರಿಯಲ್ಲಿ ಎಸ್ಟೋನಿಯನ್ ಭಾಷೆಯನ್ನು ರಾಜ್ಯಭಾಷೆಯೆಂದು ಘೋಷಿಸಿತು. ಫೆಬ್ರವರಿ 24ರ ಮುಂಜಾನೆ ಉದ್ದ ಹರ್ಮನ್ನಿನ ಮೇಲೆ ಹಳೆಯ ಬಾವುಟ ಮತ್ತೆ ಏರಿತು.

ಆದರೆ ಇನ್ನೊಂದು ಪಕ್ಷದವರು ಇದನ್ನು ಒಪ್ಪಲಿಲ್ಲ. ಅತಿಕ್ರಮಿಸಿದವನು ಕಟ್ಟಿದ ಸಭೆಯಿಂದ ಬಿಡುಗಡೆಯನ್ನು ಬೇಡುವುದೇ? ರಾಜ್ಯ ಅಳಿದೇ ಇಲ್ಲ. ಅದರ ಪೌರರು ಇದ್ದಾರೆ. ಅವರೇ ಸಭೆ ಸೇರಲಿ. ಹೀಗೆಂದು ಅವರು ಊರೂರಿಗೆ ಹೋಗಿ, 1940ಕ್ಕೆ ಮುಂಚಿನ ಪೌರರನ್ನೂ ಅವರ ಸಂತತಿಯನ್ನೂ ದಾಖಲಿಸಿಕೊಂಡರು. ಸಂಖ್ಯೆ 7 ಲಕ್ಷವನ್ನು ಮೀರಿತು. 1990ರ ಫೆಬ್ರವರಿಯ ಕೊನೆಯಲ್ಲಿ ಅವರಿಂದ 499 ಮಂದಿಯ 'ಎಸ್ಟೋನಿಯ ಕಾಂಗ್ರೆಸ್' ಆಯ್ಕೆಯಾಯಿತು. ಮಾರ್ಚ್ 18ರಂದು ಸುಪ್ರೀಂ ಸೋವಿಯತ್ತಿಗೂ ಮುಕ್ತ ಚುನಾವಣೆ ನಡೆದು 105 ಮಂದಿ ಬಂದರು. ಇದರಲ್ಲಿ ನಾಡಿನಲ್ಲಿ ನೆಲಸಿದವರೆಲ್ಲ ಮತ ಹಾಕಬಹುದಾಗಿತ್ತು. ಒಂದು ಸಣ್ಣ ದೇಶದಲ್ಲಿ ಎರಡು ಸಂಸತ್ತುಗಳು! ಒಂದು ಪೌರರದು, ಒಂದು ನಿವಾಸಿಗಳದು. ಇಂಥ ಸಂದರ್ಭದಲ್ಲಿ ಎಷ್ಟೋ ದೇಶಗಳಲ್ಲಿ ರಕ್ತ ಹರಿದಿದೆ. ಇಲ್ಲಿ ಹರಿಯಲಿಲ್ಲ.

ಹರಿಯಬಹುದಾಗಿದ್ದ ದಿನವೊಂದಿತ್ತು. 1990ರ ಮೇ 15ರಂದು, ಒಕ್ಕೂಟ ಒಡೆಯಬಾರದೆನ್ನುವ 'ಇಂಟರ್‌ಫ್ರಂಟ್' ಸಂಘಟನೆಯ ಗುಂಪು ತೋಮ್ಪೆಯ ಕೋಟೆಯ ಬಾಗಿಲನ್ನು ಮುರಿದು ಅಂಗಳಕ್ಕೆ ನುಗ್ಗಿತು. ಪ್ರಧಾನಿ ಎಡ್ಗರ್ ಸಾವಿಸಾರ್ ಒಳಗಿನಿಂದ ಬಾನುಲಿಯಲ್ಲಿ ಕೂಗಿ ಹೇಳಿದರು, ತೋಮ್ಪೆಯದ ಮೇಲೆ ದಾಳಿಯಾಗಿದೆಯೆಂದು. ಬಾನುಲಿಯ ಮುಂದೆ ಕುಳಿತು ಮಾತನಾಡುವವನಾಗಿ ಇದನ್ನು ಹೇಳಲು ನನಗೆ ಸಹಜವಾಗಿಯೇ ಸಂತೋಷ. ಸ್ವಲ್ಪ ಹೊತ್ತಿನಲ್ಲಿಯೇ ಸಾವಿರಾರು ಜನ ಗುಡ್ಡವನ್ನು ಹತ್ತಿ ಬಂದರು. ನುಗ್ಗಿದವರು ಈಗ ತಾವೇ ಮುತ್ತಿಗೆಗೆ ಸಿಕ್ಕಿದರು. ಬಂದ ಜನ ಕೈ ಮಾಡಲಿಲ್ಲ; ನಡುವೆ ದಾರಿ ಬಿಟ್ಟು ನಿಂತರು, ಅವರು ಆ ದಾರಿಯಲ್ಲಿ ನಡೆದು ಹೊರಗೆ ಹೋದರು.

1991ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಕ್ಷಿಪ್ರಕ್ರಾಂತಿಯ ಯತ್ನ ನಡೆದಾಗ ಪ್ಸ್ಕೋವ್ ಕಡೆಯಿಂದ ಸೇನೆ ಟಾಲಿನ್ನಿಗೆ ಹೊರಟಿತು. ಎರಡು ಸಭೆಗಳೂ ತುರಾತುರಿಯಲ್ಲಿ ರಾಜಿಯಾದವು: ಸ್ವಾತಂತ್ರ್ಯವನ್ನು ಹೊಸದಾಗಿ ಸ್ಥಾಪಿಸುವುದಲ್ಲ, ಹಳೆಯದನ್ನು ದೃಢೀಕರಿಸುವುದು, ಸಂವಿಧಾನವನ್ನು ಬರೆಯಲು ಎರಡೂ ಕಡೆಯಿಂದ 30, 30 ಮಂದಿ. ಆಗಸ್ಟ್ 20ರ ರಾತ್ರಿ 11 ಗಂಟೆ ಮೀರಿದಾಗ ನಿರ್ಣಯ ಮತಕ್ಕೆ ಬಂದಿತು. ಪರವಾಗಿ 69, ವಿರೋಧ ಯಾವುದೂ ಇಲ್ಲ. ಅಧ್ಯಕ್ಷ ಸ್ಥಾನದಲ್ಲಿದ್ದ ಉಲೊ ನುಗಿಸ್, ಹಿಂದೆ ಕಾರ್ಖಾನೆಯ ನಿರ್ದೇಶಕರಾಗಿದ್ದವರು, ಸುತ್ತಿಗೆಯನ್ನು ಬಡಿದರು. ಉಳಿದ ಸದಸ್ಯರಲ್ಲಿ ರಷ್ಯನ್ ಭಾಷಿಕರಾದ ಅನೇಕರು ಮತದಾನದಲ್ಲಿ ಭಾಗವಹಿಸಲಿಲ್ಲವೆಂಬುದನ್ನೂ ಹೇಳಬೇಕು.

1992ರ ಜೂನ್ 28ರಂದು ಜನ ಹೊಸ ಸಂವಿಧಾನವನ್ನು ಅಂಗೀಕರಿಸಿದರು. ಅದರ ಪೀಠಿಕೆಯಲ್ಲಿ ಒಂದು ಸ್ವಾರಸ್ಯವಿದೆ. 1938ರ ಸಂವಿಧಾನದ ಒಂದನೆಯ ವಿಧಿಯ ಆಧಾರದಿಂದ ಇದನ್ನು ಅಂಗೀಕರಿಸಿದ್ದೇವೆ ಎಂದು ಅದು ಹೇಳುತ್ತದೆ.  ರಾಜ್ಯಾಧಿಕಾರ ಜನರದು ಎನ್ನುವ, ಪ್ಯಾಟ್ಸರ ಸಂವಿಧಾನದ ಆ ವಿಧಿಯನ್ನು ಬೀಜಕ್ಕೆಂದು ತೆಗೆದಿಟ್ಟುಕೊಂಡರು. ಆ ವರ್ಷದ ರೀಗಿಕೊಗುವಿನಲ್ಲಿ ಸಾಹಿತ್ಯದ ನಂಟಿನವರು ಕೆಲವರಿದ್ದರು: ನಾಟ್ಸಿಗಳ ಸೆರೆಯನ್ನೂ ಸೋವಿಯತ್ ಶಿಬಿರಗಳನ್ನೂ ಕಂಡ ಕಾದಂಬರಿಕಾರ ಯಾನ್ ಕ್ರಾಸ್, ಕವಿ ಯಾನ್ ಕಪ್ಲಿನ್‌ಸ್ಕಿ. 32 ವರ್ಷದ ಇತಿಹಾಸಕಾರ ಮಾರ್ಟ್ ಲಾರ್ ಪ್ರಧಾನಿಯಾದರು. ಬಾಲ್ಯದಲ್ಲಿ ಗಡೀಪಾರಾಗಿದ್ದ ಲೇಖಕ ಲೆನಾರ್ಟ್ ಮೆರಿಯವರನ್ನು ಸಭೆ 31ರ ವಿರುದ್ಧ 59 ಮತಗಳಿಂದ ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಿತು.

ಆದರೆ ಆ 101 ಮಂದಿಯಲ್ಲಿ ರಷ್ಯನ್ನರು ಒಬ್ಬರೂ ಇರಲಿಲ್ಲ. ರಾಜ್ಯ ಅಳಿದಿಲ್ಲವೆಂದ ಮೇಲೆ ಅದರ ಪೌರರೂ 1940ರ ಪೌರರು ಮತ್ತು ಅವರ ಮಕ್ಕಳು ಮೊಮ್ಮಕ್ಕಳೇ. ಆಮೇಲೆ ಬಂದು ನೆಲಸಿದವರು, ಅಲ್ಲಿಯೇ ಹುಟ್ಟಿದ ಅವರ ಮಕ್ಕಳು, ಒಟ್ಟು ಜನಸಂಖ್ಯೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು, ಪೌರತ್ವಕ್ಕೆ ಅರ್ಜಿ ಹಾಕಿ ಭಾಷೆಯ ಪರೀಕ್ಷೆಯನ್ನು ದಾಟಬೇಕಾಯಿತು. ಅರ್ಜಿ ಹಾಕಿದವರಿಗೆ ಈ ಮೊದಲ ಚುನಾವಣೆಯಲ್ಲಿ ಮತ ಕೊಡಬಹುದೇ ಎಂದು ಜೂನಿನ ಜನಮತಗಣನೆಯಲ್ಲಿಯೇ ಕೇಳಲಾಗಿತ್ತು. ಅಲ್ಪ ಅಂತರದಿಂದ ಜನ ಬೇಡವೆಂದರು. ತರ್ಕಕ್ಕೆ ಚ್ಯುತಿಯಿಲ್ಲ. 52 ವರ್ಷವನ್ನು ಎಣಿಕೆಯಿಂದ ಬಿಟ್ಟರೆ ಆ 52 ವರ್ಷದಲ್ಲಿ ಬಂದವರೂ ಬಿಟ್ಟುಹೋಗುತ್ತಾರೆ. ಗಡೀಪಾರಾದವರ ಮಕ್ಕಳಿಗೆ ಇದು ನ್ಯಾಯವಾಗಿ ಕಂಡಿತು. ನಾರ್ವ ಪಟ್ಟಣದ ಗಿರಣಿಯಲ್ಲಿ 30 ವರ್ಷ ದುಡಿದವನಿಗೆ ಅನ್ಯಾಯವಾಗಿ ಕಂಡಿತು. ಇಬ್ಬರ ಮಾತೂ ಸುಳ್ಳಲ್ಲ. 1918ರ ಘೋಷಣೆಯ ಬಹುವಚನ ಇಲ್ಲಿ ಏಕವಚನವಾಯಿತೆಂದು ನನಗೆ ಅನ್ನಿಸದೆ ಇಲ್ಲ.

ಪೂರ್ತಿ ಕದ ಮುಚ್ಚಿದರೆಂದೂ ಅಲ್ಲ. ಪೌರರಲ್ಲದ ಕಾಯಂ ನಿವಾಸಿಗಳಿಗೆ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತ ಹಾಕುವ ಹಕ್ಕನ್ನು ಸಂವಿಧಾನವೇ ಕೊಟ್ಟಿತು. 1993ರಲ್ಲಿ ಸಭೆ ವಿದೇಶೀಯರ ಬಗ್ಗೆ ಕಟುವಾದ ಶಾಸನವೊಂದನ್ನು ಮಾಡಿದಾಗ ಅಧ್ಯಕ್ಷ ಮೆರಿ ಸಹಿ ಹಾಕದೆ ಯೂರೋಪಿನ ಸಂಸ್ಥೆಗಳ ಅಭಿಪ್ರಾಯಕ್ಕೆ ಕಳುಹಿಸಿದರು. ಸಭೆ ಅದನ್ನು ತಿದ್ದಿ ಮೃದುಗೊಳಿಸಿತು. ಸ್ವಾಯತ್ತತೆಯನ್ನು ಬಯಸಿ ನಾರ್ವದಲ್ಲಿ ನಡೆಸಿದ ಮತಗಣನೆಯನ್ನು ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿತು. ಯಾರೂ ಬಂದೂಕು ಹಿಡಿಯಲಿಲ್ಲ. 1995ರ ರೀಗಿಕೊಗುವಿಗೆ ರಷ್ಯನ್ ಭಾಷಿಕರ ಕೂಟದಿಂದ ಆರು ಮಂದಿ ಆರಿಸಿ ಬಂದರು. ವರ್ಷವರ್ಷವೂ ಹಲವರು ಪೌರರಾದರು.

ಮುಂದಿನ ಮೂರು ದಶಕಗಳಲ್ಲಿ ಸಭೆಯ ನಡಿಗೆ ಬಹುಪಾಲು ಸುಗಮ. ಪ್ರಮಾಣಾನುಗುಣ ಪ್ರಾತಿನಿಧ್ಯ; ನೂರಕ್ಕೆ ಐದು ಮತ ಪಡೆಯದ ಪಕ್ಷಕ್ಕೆ ಪಾಲಿಲ್ಲ. 2004ರಲ್ಲಿ ದೇಶ ನೇಟೋ ಕೂಟಕ್ಕೂ ಯೂರೋಪಿಯನ್ ಒಕ್ಕೂಟಕ್ಕೂ ಸೇರಿತು. 2007ರಿಂದ ಸಂಸತ್ತಿನ ಚುನಾವಣೆಯಲ್ಲಿ ಅಂತರಜಾಲದ ಮೂಲಕ ಮತ ಹಾಕಬಹುದು. ಹದಿನೈದನೆಯ ರೀಗಿಕೊಗುವನ್ನು ಆರಿಸಿದ 2023ರ ಮಾರ್ಚಿಯಲ್ಲಿ ಬಂದ ಮತಗಳಲ್ಲಿ ಅರ್ಧಕ್ಕೂ ಹೆಚ್ಚು ಹೀಗೆಯೇ ಬಂದವು.

2022ರಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿದ ಮೇಲೆ ಹಳೆಯ ಭಯ ಮರಳಿತು, ಹಳೆಯ ಪ್ರಶ್ನೆಯೂ ಮರಳಿತು. 2025ರ ಮಾರ್ಚ್ 26ರಂದು ರೀಗಿಕೊಗು ಸಂವಿಧಾನವನ್ನು ತಿದ್ದಿ, ಎಸ್ಟೋನಿಯದಲ್ಲಿ ನೆಲಸಿರುವ ರಷ್ಯ ಮತ್ತು ಬೆಲರೂಸ್ ದೇಶಗಳ ಪೌರರಿಗೆ ಸ್ಥಳೀಯ ಚುನಾವಣೆಯಲ್ಲಿದ್ದ ಮತದ ಹಕ್ಕನ್ನು ತೆಗೆದುಹಾಕಿತು. ಪರವಾಗಿ 93, ವಿರುದ್ಧವಾಗಿ 7. ಯಾವ ದೇಶದ ಪೌರತ್ವವೂ ಇಲ್ಲದೆ ಉಳಿದವರಿಗೆ ಇನ್ನೊಂದೇ ಒಂದು ಬಾರಿಯ ಅವಕಾಶ ಸಿಕ್ಕಿತು. ಆ ಅಕ್ಟೋಬರಿನಲ್ಲಿ ಅವರು ತಮ್ಮ ಊರಿನ ಮತಗಟ್ಟೆಗೆ ಕೊನೆಯ ಸಲ ಹೋಗಿ ಬಂದರು.